ಸ್ವಿಚ್‌ನಲ್ಲಿ ಫೋನಿಗೆ ಮೊದಲ ಆದ್ಯತೆ ಕೊಟ್ಟರೂ ಸಂಜೆ ಕರೆ ಒಡೆಯುತ್ತದೆ: ಸಾಲು ನಿಲ್ಲುವುದು ಎಲ್ಲಿ?

ಕಕ್ಕಬ್ಬೆಯ ತೋಟದವಳು · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆಯ ಹತ್ತಿರ ನಮ್ಮ ಕಾಫಿ ತೋಟ ಇದೆ, ಜೊತೆಗೆ ನಾಲ್ಕು ಕೋಣೆಗಳ ಹೋಂಸ್ಟೇ. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಗ್ರಾಹಕರ ಕರೆಗಳಿಗೆ ಉತ್ತರಿಸಬೇಕು. ಅದಕ್ಕೆಂದೇ ಅವಳ ಮೇಜಿನ ಮೇಲೆ ಐಪಿ ಫೋನ್ (ಕಂಪ್ಯೂಟರ್ ಜಾಲದ ಮೂಲಕ ಮಾತಾಡುವ ಫೋನ್) ಇದೆ.

ಹಗಲು ಹೊತ್ತು ಮಾತು ಎದುರಿಗೆ ಕುಳಿತವರದ್ದೇ ಎನ್ನುವಷ್ಟು ಸ್ಪಷ್ಟ. ಏಳು ಗಂಟೆ ದಾಟಿದರೆ ತುಂಡು ತುಂಡಾಗುತ್ತದೆ. ತಡಿಯಂಡಮೋಳ್ ಹತ್ತಿ ಇಳಿದು ಬಂದ ಅತಿಥಿಗಳು ಅದೇ ಹೊತ್ತಿಗೆ ವಿಡಿಯೊಗಳನ್ನು ಕಳುಹಿಸಲು ಕೂರುತ್ತಾರೆ. ಕ್ಯಾಮೆರಾಗಳ ರೆಕಾರ್ಡರ್ ಕೂಡ ದಿನದ ತುಣುಕುಗಳನ್ನು ಕ್ಲೌಡ್‌ಗೆ ಏರಿಸುವುದು ಆಗಲೇ. ಗೇಟಿನಲ್ಲಿ ಎರಡು, ಗೋಡೌನಿನ ಸುತ್ತ ಆರು, ಒಟ್ಟು ಎಂಟು ಕ್ಯಾಮೆರಾಗಳಿವೆ. ಆನೆಗಳ ಓಡಾಟ ಇರುವುದರಿಂದ ಇವನ್ನು ತೆಗೆಯುವ ಹಾಗಿಲ್ಲ.

ಫೈಬರ್ ಸಂಪರ್ಕದಲ್ಲಿ ಇಳಿಕೆಯ ವೇಗ 100 ಎಂಬಿಪಿಎಸ್, ಏರಿಕೆಯದು 20. ಎರಡು ವಾರದ ಹಿಂದೆ ಮನೆಯ ಉಪಕರಣಗಳನ್ನು ತಂತಿಯಿಂದ ರೂಟರಿಗೆ ಜೋಡಿಸಲು ಎಂಟು ಪೋರ್ಟಿನ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಗಿಗಾಬಿಟ್ ಸ್ವಿಚ್ ತಂದೆ. ಅದರ ಕ್ಯೂಒಎಸ್ (ಯಾವ ದಟ್ಟಣೆ ಮೊದಲು ಹೋಗಬೇಕೆಂದು ಗೊತ್ತುಮಾಡುವ) ಪುಟದಲ್ಲಿ ಫೋನಿನ ಪೋರ್ಟಿಗೆ 7, ಅಂದರೆ ಎಲ್ಲಕ್ಕಿಂತ ಮೇಲಿನ ಆದ್ಯತೆ ಕೊಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಹೀಗೇ ಮುಂದುವರಿದರೆ ಮಗಳು ಮತ್ತೆ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿಯಬೇಕಾಗುತ್ತದೆ. ಎಲ್ಲಿ ತಪ್ಪಿದ್ದೇನೆ?

ಪೊನ್ನಂಪೇಟೆ ಲ್ಯಾಬ್ · ಶನಿವಾರ, ರಾತ್ರಿ 10:15

ಮೇಡಂ, ಬೇರೆ ಏನನ್ನೂ ಬದಲಿಸುವ ಮೊದಲು ಎರಡು ಅಳತೆ ತೆಗೆದುಕೊಳ್ಳಿ. ಯಾರೂ ಇಂಟರ್ನೆಟ್ ಬಳಸದ ಬೆಳಗಿನ ಜಾವ ಒಮ್ಮೆ, ಕರೆ ಒಡೆಯುವ ಹೊತ್ತಿನಲ್ಲಿ ಒಮ್ಮೆ, ಹೊರಗಿನ ಯಾವುದಾದರೂ ಸರ್ವರಿಗೆ ಪಿಂಗ್ ಮಾಡಿ (ಸಣ್ಣ ಸಂದೇಶ ಕಳುಹಿಸಿ), ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ನೋಡಿ. ಅದೇ ಹೊತ್ತಿನಲ್ಲಿ ರೂಟರಿಗೆ ಹೋಗುವ ಸ್ವಿಚ್ ಪೋರ್ಟಿನಲ್ಲಿ ಎಷ್ಟು ಪ್ಯಾಕೆಟ್‌ಗಳು (ದತ್ತಾಂಶದ ಸಣ್ಣ ಕಂತೆಗಳು) ಬಿದ್ದುಹೋಗಿವೆ ಎಂದೂ ಬರೆದುಕೊಳ್ಳಿ. ಅಂಕಿ-ಅಂಶಗಳ ಪುಟದಲ್ಲಿ ಸಿಗುತ್ತದೆ.

ಕಕ್ಕಬ್ಬೆಯ ತೋಟದವಳು · ಭಾನುವಾರ, ರಾತ್ರಿ 8:05

ಬೆಳಿಗ್ಗೆ ಐದೂವರೆಗೆ 9 ಮಿಲಿಸೆಕೆಂಡ್. ಈಗ 610. ಸ್ವಿಚ್ ಪೋರ್ಟಿನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳು ಸೊನ್ನೆ. ಎರಡು ಸಲ ನೋಡಿದೆ ಸರ್, ಸೊನ್ನೆಯೇ.

ಪೊನ್ನಂಪೇಟೆ ಲ್ಯಾಬ್ · ಭಾನುವಾರ, ರಾತ್ರಿ 9:30

ಹಾಗಾದರೆ ನಿಮ್ಮ ಸ್ವಿಚ್ ತಪ್ಪು ಮಾಡುತ್ತಿಲ್ಲ. ಅದರ ಮುಂದೆ ಸಾಲೇ ನಿಲ್ಲುತ್ತಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಇದೊಂದು ಸಂಗತಿ ತಿಳಿಯದೆ ಎಷ್ಟೋ ಜನ ದುಬಾರಿ ಸ್ವಿಚ್ ಕೊಂಡು ಬೇಸರಪಟ್ಟದ್ದನ್ನು ಕಂಡಿದ್ದೇನೆ.

ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗುವ ಹೊತ್ತನ್ನು ನೆನಪು ಮಾಡಿಕೊಳ್ಳಿ. ತೋಟದ ತುಂಬ ಐವತ್ತು ಜನ ಕೊಯ್ಯುತ್ತಿರುತ್ತಾರೆ, ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಎಲ್ಲರೂ ಚೀಲ ಹೊತ್ತು ಬಂದಾಗ ಸಾಲು ನಿಲ್ಲುವುದು ತಕ್ಕಡಿಯ ಮುಂದೆ. ಮಗುವಿಗೆ ಹಾಲು ಕೊಡಬೇಕಾದ ತಾಯಿಯ ಚೀಲವನ್ನು ಲೆಕ್ಕ ಬರೆಯುವ ರೈಟರ್ ಮೊದಲು ತೂಗಿಸಿ ಕಳುಹಿಸಿದರೆ ಆಕೆಗೆ ನಿಜವಾಗಿಯೂ ಅನುಕೂಲ. ಅದೇ ಆಕೆಗೆ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ 'ನೀನು ಮೊದಲು ನಡೆ' ಎಂದು ದಾರಿ ಬಿಟ್ಟರೆ ಏನು ಬಂತು? ತಕ್ಕಡಿಯ ಮುಂದೆ ಆಕೆ ಮತ್ತೆ ಕೊನೆಯವಳೇ. ನೀವು ಆದ್ಯತೆ ಕೊಟ್ಟಿರುವುದು ಕಾಲುದಾರಿಯಲ್ಲಿ.

ಸ್ವಿಚ್ ಒಳಗೆ ಆಗುವುದು ಇಷ್ಟು. ಒಂದು ಪೋರ್ಟಿನಿಂದ ಫ್ರೇಮ್, ಅಂದರೆ ಈಥರ್ನೆಟ್ ಹೊದಿಕೆ ಹಾಕಿದ ಪ್ಯಾಕೆಟ್, ಒಳಗೆ ಬರುತ್ತದೆ. ವಿಳಾಸ ನೋಡಿ ಯಾವ ಪೋರ್ಟಿನಿಂದ ಹೊರಗೆ ಹೋಗಬೇಕೆಂದು ಸ್ವಿಚ್ ತೀರ್ಮಾನಿಸುತ್ತದೆ. ಹೊರಹೋಗುವ ಪೋರ್ಟಿನ ಹಿಂದೆ ನಾಲ್ಕೋ ಎಂಟೋ ಸಾಲುಗಳಿರುತ್ತವೆ. ಫ್ರೇಮಿನ ಮೇಲಿನ ಗುರುತು ನೋಡಿ ಅದನ್ನು ಒಂದು ಸಾಲಿಗೆ ಸೇರಿಸಲಾಗುತ್ತದೆ, ತಂತಿ ಖಾಲಿಯಾದಾಗ ಯಾವ ಸಾಲಿನಿಂದ ಮುಂದಿನದನ್ನು ಎತ್ತಬೇಕೆಂದು ಶೆಡ್ಯೂಲರ್ ಆರಿಸುತ್ತದೆ. ತಂತಿ ಮೊದಲೇ ಖಾಲಿ ಇದ್ದರೆ ಬಂದ ಫ್ರೇಮ್ ಹಾಗೆಯೇ ಹೊರಟುಹೋಗುತ್ತದೆ. ಆಗ 7ಕ್ಕೂ 0ಕ್ಕೂ ವ್ಯತ್ಯಾಸವಿಲ್ಲ.

ಈಗ ನಿಮ್ಮ ಮನೆಯ ಲೆಕ್ಕ. 1500 ಬೈಟಿನ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. ಸ್ವಿಚ್‌ನಿಂದ ರೂಟರಿಗೆ ಗಿಗಾಬಿಟ್ ವೇಗದಲ್ಲಿ (ಸೆಕೆಂಡಿಗೆ ನೂರು ಕೋಟಿ ಬಿಟ್) ಅದು ದಾಟಲು 12 ಮೈಕ್ರೊಸೆಕೆಂಡ್ ಸಾಕು. ರೂಟರಿನಿಂದ ಹೊರಗೆ 20 ಎಂಬಿಪಿಎಸ್‌ನಲ್ಲಿ ಅದೇ ಪ್ಯಾಕೆಟ್ಟಿಗೆ 0.6 ಮಿಲಿಸೆಕೆಂಡ್ ಬೇಕು, ಐವತ್ತು ಪಟ್ಟು ನಿಧಾನ. ಸಂಜೆ ನಿಮಗೆ ಸುಮಾರು 600 ಮಿಲಿಸೆಕೆಂಡ್ ಹೆಚ್ಚುವರಿ ಕಾಯುವಿಕೆ ಕಾಣುತ್ತಿದೆ. ಭಾಗಿಸಿ ನೋಡಿ: ಮಗಳ ಮಾತಿನ ಒಂದು ತುಣುಕು ರೂಟರ್ ತಲುಪಿದಾಗ ಅದರ ಮುಂದೆ ಸುಮಾರು ಸಾವಿರ ಪ್ಯಾಕೆಟ್‌ಗಳು ನಿಂತಿವೆ. ಎಲ್ಲವೂ ಅತಿಥಿಗಳ ವಿಡಿಯೊ, ರೆಕಾರ್ಡರಿನ ತುಣುಕು. ಮಾತುಕತೆ ಸಹಜವಾಗಿ ಸಾಗಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ.

ಮಾತಿಗೆ ಬೇಕಾದ ಜಾಗವಾದರೂ ಎಷ್ಟು? ಧ್ವನಿಯನ್ನು ಅಂಕೆಗಳಾಗಿಸುವ ಜಿ.711 ಕೋಡೆಕ್ಕಿನಲ್ಲಿ ಸೆಕೆಂಡಿಗೆ 50 ಪ್ಯಾಕೆಟ್, ಒಂದೊಂದರಲ್ಲಿ 160 ಬೈಟ್ ಧ್ವನಿ, ಮೇಲೆ 40 ಬೈಟ್ ವಿಳಾಸದ ಹೊದಿಕೆ. ಈಥರ್ನೆಟ್ ಹೊದಿಕೆಯನ್ನೂ ಸೇರಿಸಿದರೆ 87 ಕೆಬಿಪಿಎಸ್. ನಿಮ್ಮ 20 ಎಂಬಿಪಿಎಸ್‌ನಲ್ಲಿ ಶೇಕಡಾ ಅರ್ಧವೂ ಆಗದು. ಅಷ್ಟು ಸಣ್ಣ ಹೊರೆಗೆ ದಾರಿ ಸಿಗದಿರುವುದು ಜಾಗ ಇಲ್ಲದೆ ಅಲ್ಲ, ಸಾಲು ನಿಭಾಯಿಸುವವರು ಇಲ್ಲದೆ.

ಮಾಡಬೇಕಾದದ್ದು: ರೂಟರಿನಲ್ಲಿ ಎಸ್‌ಕ್ಯೂಎಂ ಎಂಬ, ಸಾಲನ್ನು ನಿಭಾಯಿಸುವ ಸೌಲಭ್ಯ ಇದೆಯೇ ನೋಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರ್‌ಗಳಲ್ಲಿ ಸಿಗುತ್ತದೆ. ಏರಿಕೆಯ ಮಿತಿಯನ್ನು 18ಕ್ಕೆ, ಇಳಿಕೆಯದನ್ನು 90ಕ್ಕೆ ಇಡಿ. ಕೈಯಲ್ಲಿರುವ ವೇಗವನ್ನು ನಾವೇ ಕಡಿಮೆ ಮಾಡುವುದೇಕೆ ಎನಿಸಬಹುದು. ಮಿತಿ ನಿಮ್ಮ ರೂಟರಿನಲ್ಲಿ ಬಿದ್ದರೆ ಸಾಲೂ ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಅದರ ಮೇಲೆ ನಿಮ್ಮ ಮಾತು ನಡೆಯುತ್ತದೆ. ಇಲ್ಲದಿದ್ದರೆ ಸಾಲು ಫೈಬರ್ ಪೆಟ್ಟಿಗೆಯೊಳಗೆ ಬೆಳೆಯುತ್ತದೆ, ಅಲ್ಲಿ ಯಾವ ಆದ್ಯತೆಯೂ ಇಲ್ಲ.

ಸೋಮವಾರಪೇಟೆಯವನು · ಭಾನುವಾರ, ರಾತ್ರಿ 10:20

ಲ್ಯಾಬ್ ಸರ್, ಹಾಗಾದರೆ ಸ್ವಿಚ್‌ನಲ್ಲಿರುವ ಕ್ಯೂಒಎಸ್ ಪುಟ ಯಾರಿಗಾಗಿ? ನಾನೂ ಕಳೆದ ವರ್ಷ ಕ್ಯಾಮೆರಾಗಳ ಪೋರ್ಟಿಗೆ 7 ಕೊಟ್ಟಿದ್ದೆ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಪೂರ್ತಿ ನಿಂತುಹೋಯಿತು. ಸ್ವಿಚ್ಚಿನ ಸೆಟ್ಟಿಂಗ್ ಪುಟವೂ ತೆರೆಯಲಿಲ್ಲ. ಅಂದಿನಿಂದ ಅದನ್ನು ಮುಟ್ಟಿಲ್ಲ.

ಪೊನ್ನಂಪೇಟೆ ಲ್ಯಾಬ್ · ಸೋಮವಾರ, ಬೆಳಿಗ್ಗೆ 7:10

ನಿಮ್ಮ ಅಂಗಡಿಯಲ್ಲಿ ಕ್ಯಾಮೆರಾಗಳು ಯಾವುದೋ 100 ಎಂಬಿಪಿಎಸ್ ತಂತಿಯನ್ನು ಬಹುತೇಕ ತುಂಬಿಸುತ್ತಿದ್ದಿರಬೇಕು. ಅಲ್ಲಿ ಸಾಲು ನಿಜವಾಗಿಯೂ ಸ್ವಿಚ್‌ನಲ್ಲೇ ಇತ್ತು, ಅದಕ್ಕೇ ನೀವು ಕೊಟ್ಟ ಆದ್ಯತೆ ಕೆಲಸ ಮಾಡಿತು, ಬೇಡವಾದ ಕಡೆಗೆ.

ಕಟ್ಟುನಿಟ್ಟಿನ ಆದ್ಯತೆ ಎಂಬ ವಿಧಾನದಲ್ಲಿ ಮೇಲಿನ ಸಾಲಿನಲ್ಲಿ ಒಂದು ಪ್ಯಾಕೆಟ್ ಇದ್ದರೂ ಕೆಳಗಿನ ಸಾಲಿಗೆ ಸರದಿ ಬರುವುದಿಲ್ಲ. ಮೇಲಿನ ಸಾಲು ಎಂದೂ ಬರಿದಾಗದಿದ್ದರೆ ಕೆಳಗಿನವರು ಉಪವಾಸ. ಆದ್ದರಿಂದ ಅದು ಸಣ್ಣ, ಅಳತೆ ಗೊತ್ತಿರುವ ಹೊರೆಗೆ ಮಾತ್ರ ತಕ್ಕದ್ದು. ಧ್ವನಿಗೆ ಸರಿ, ವಿಡಿಯೊಗೆ ಸರಿಯಲ್ಲ.

ಉಳಿದವಕ್ಕೆ ಪಾಲು ಹಂಚುವ ವಿಧಾನಗಳಿವೆ. ತೂಕದ ಸರದಿಯಲ್ಲಿ ನಾಲ್ಕು ಸಾಲುಗಳಿಗೆ 8, 4, 2, 1 ಎಂದು ಪಾಲು ಕೊಟ್ಟರೆ ಒಂದು ಸುತ್ತಿನಲ್ಲಿ ಮೊದಲನೆಯದಕ್ಕೆ ಎಂಟು ಪ್ಯಾಕೆಟ್, ಕೊನೆಯದಕ್ಕೆ ಒಂದು. ಕೊನೆಯ ಸಾಲೂ ಪ್ರತಿ ಸುತ್ತಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ಯಾಕೆಟ್ ಎಣಿಸಿದರೆ ದೊಡ್ಡ ಪ್ಯಾಕೆಟ್ ಇರುವವರಿಗೆ ಲಾಭ ಎಂಬುದೊಂದು ಕೊರತೆ. 1995ರಲ್ಲಿ ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅದನ್ನು ಸರಿಪಡಿಸುವ ಡೆಫಿಸಿಟ್ ರೌಂಡ್ ರಾಬಿನ್ ವಿಧಾನವನ್ನು ಮುಂದಿಟ್ಟರು. ತಕ್ಕಡಿಯ ಮುಂದೆಯೇ ಹೇಳುವುದಾದರೆ, ಒಬ್ಬೊಬ್ಬರಿಗೆ ಒಂದು ಸರದಿಗೆ ಇಷ್ಟು ಚೀಲ ಎಂದಲ್ಲ, ಇಷ್ಟು ಕಿಲೋ ಎಂದು ಗೊತ್ತುಮಾಡುವುದು. ಸರದಿಗೆ ಮೂವತ್ತು ಕಿಲೋ, ನಿಮ್ಮ ಚೀಲ ನಲವತ್ತು ಕಿಲೋ ಎಂದಿಟ್ಟುಕೊಳ್ಳಿ. ಈ ಸುತ್ತಿನಲ್ಲಿ ತೂಗುವುದಿಲ್ಲ, ಮೂವತ್ತು ನಿಮ್ಮ ಲೆಕ್ಕದಲ್ಲಿ ಉಳಿಯುತ್ತದೆ. ಮುಂದಿನ ಸುತ್ತಿಗೆ ಅರವತ್ತಾಯಿತು, ನಲವತ್ತು ತೂಗಿ ಇಪ್ಪತ್ತು ಬಾಕಿ ಇಟ್ಟುಕೊಳ್ಳುತ್ತೀರಿ. ಯಾರಿಗೂ ಮೋಸವಿಲ್ಲ, ಲೆಕ್ಕ ಇಡುವುದೂ ಸುಲಭ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಸ್ವಿಚ್ ಕ್ಯೂಒಎಸ್ ಯಾರಿಗಾಗಿ ಎಂದು ಕೇಳಿದಿರಿ. ನಾನು ನೋಡಿಕೊಳ್ಳುವ ಕಾಲೇಜು ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರ್‌ಗಳು ಒಂದೇ ಗಿಗಾಬಿಟ್ ತಂತಿಯ ಮೂಲಕ ಸರ್ವರ್ ಕೋಣೆಗೆ ಸೇರುತ್ತವೆ. ಎಲ್ಲವೂ ಒಟ್ಟಿಗೆ ಕಡತಗಳನ್ನು ಸರ್ವರಿಗೆ ಉಳಿಸುವಾಗ ನಲವತ್ತು ಗಿಗಾಬಿಟ್ ಬಾಗಿಲುಗಳಿಂದ ಬಂದದ್ದು ಒಂದು ಬಾಗಿಲಲ್ಲಿ ಹೊರಹೋಗಬೇಕು. ಸಣ್ಣ ಸ್ವಿಚ್‌ನ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) 4 ಮೆಗಾಬಿಟ್ ಇದ್ದರೆ ಗಿಗಾಬಿಟ್ ವೇಗದಲ್ಲಿ ಅದು 4 ಮಿಲಿಸೆಕೆಂಡಿನ ಸರಕು. ಆದ್ದರಿಂದ ಇಲ್ಲಿ ವಿಳಂಬ ಕಾಣಿಸುವುದಿಲ್ಲ, ಬಫರ್ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಆಫೀಸಿನ ಫೋನುಗಳಲ್ಲಿ ಅಕ್ಷರಗಳೇ ಮಾಯವಾಗುತ್ತಿದ್ದವು. ಧ್ವನಿಗೆ ಬೇರೆ ಸಾಲು ಕೊಟ್ಟ ದಿನವೇ ಸರಿಹೋಯಿತು.

ಗೋಣಿಕೊಪ್ಪದ ವಿದ್ಯಾರ್ಥಿ · ಸೋಮವಾರ, ಮಧ್ಯಾಹ್ನ 1:25

ಸರ್, ಫ್ರೇಮಿನ ಮೇಲಿನ ಗುರುತು ಎಂದಿರಿ. ಅದು ಎಲ್ಲಿರುತ್ತದೆ? ಇನ್ನೊಂದು ಪ್ರಶ್ನೆ: ಕೆಲವು ದಟ್ಟಣೆಗೆ ಆದ್ಯತೆ ಕೊಡುವುದು, ಎಲ್ಲ ದಟ್ಟಣೆಯನ್ನೂ ಸಮನಾಗಿ ಕಾಣಬೇಕೆನ್ನುವ ನೆಟ್ ನ್ಯೂಟ್ರಾಲಿಟಿಗೆ ವಿರುದ್ಧವಲ್ಲವೇ?

ಪೊನ್ನಂಪೇಟೆ ಲ್ಯಾಬ್ · ಸೋಮವಾರ, ಸಂಜೆ 6:00

ಎರಡು ಜಾಗಗಳಲ್ಲಿ ಇರಬಹುದು. ಮೊದಲನೆಯದು ವಿಲ್ಯಾನ್ ಟ್ಯಾಗಿನೊಳಗಿನ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲ ನಡೆಸಲು ಫ್ರೇಮಿಗೆ ಅಂಟಿಸುವ ಚೀಟಿಯೊಳಗಿನ) ಮೂರು ಬಿಟ್, 0ಯಿಂದ 7ರವರೆಗೆ ಎಂಟು ಮೌಲ್ಯ, ಇದನ್ನೇ 802.1ಪಿ ಎನ್ನುತ್ತಾರೆ. ಎರಡನೆಯದು ಐಪಿ ತಲೆಬರಹದಲ್ಲಿರುವ ಆರು ಬಿಟ್‌ಗಳ ಡಿಎಸ್‌ಸಿಪಿ, 64 ಮೌಲ್ಯ. ಆರ್‌ಎಫ್‌ಸಿ ಎಂಬ ಇಂಟರ್ನೆಟ್ ದಾಖಲೆಗಳ ಪೈಕಿ 1998ರ 2474ನೆಯದರಲ್ಲಿ ಬಂದದ್ದು. ಧ್ವನಿಗೆ ರೂಢಿಯ ಡಿಎಸ್‌ಸಿಪಿ 46. ದ್ವಿಮಾನ ಅಂಕೆಗಳಲ್ಲಿ (ಬರೀ 0, 1) ಬರೆದರೆ 101110. ಮೊದಲ ಮೂರು ಬಿಟ್ 101 ತೆಗೆದುಕೊಂಡರೆ 5. ಅದಕ್ಕೇ ಧ್ವನಿಯನ್ನು ಸಾಮಾನ್ಯವಾಗಿ 5ನೇ ಆದ್ಯತೆ ಎನ್ನುವುದು. 6 ಮತ್ತು 7 ಜಾಲವನ್ನೇ ನಡೆಸುವ ಸಂದೇಶಗಳಿಗೆ ಮೀಸಲು. ಇನ್ನೊಂದು ವಿಚಿತ್ರವನ್ನೂ ನೆನಪಿಡಿ: 802.1ಪಿಯಲ್ಲಿ 1 ಎಂಬುದು 0ಗಿಂತ ಕೆಳಗೆ. 0 ಸಾಮಾನ್ಯ ದಟ್ಟಣೆ, 1 ಹಿನ್ನೆಲೆಯ ಕೆಲಸ.

ನೆಟ್ ನ್ಯೂಟ್ರಾಲಿಟಿ ಸೇವೆ ಒದಗಿಸುವವರ ಮೇಲಿನ ಕಟ್ಟಳೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ 2017ರ ನವೆಂಬರಿನಲ್ಲಿ ಶಿಫಾರಸು ಮಾಡಿತು, ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿತು. ನಿಮ್ಮ ಮನೆಯ ತಂತಿಯಲ್ಲಿ ಯಾವುದು ಮೊದಲು ಎಂಬುದು ನಿಮ್ಮ ತೀರ್ಮಾನ.

ಕಕ್ಕಬ್ಬೆಯ ತೋಟದವಳು · ಬುಧವಾರ, ರಾತ್ರಿ 9:15

ಲ್ಯಾಬ್ ಸರ್, ನಿಮ್ಮ ಉಪಕಾರ ಮರೆಯುವಂಥದ್ದಲ್ಲ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರನ್ನು ಪರಿಚಯದವರಿಂದ ತರಿಸಿ 18 ಮತ್ತು 90 ಇಟ್ಟೆವು. ಈಗ ನಾಲ್ಕೂ ಕೋಣೆಗಳಲ್ಲಿ ಅತಿಥಿಗಳಿದ್ದಾರೆ, ರೆಕಾರ್ಡರ್ ಏರಿಸುತ್ತಿದೆ, ಪಿಂಗ್ 24 ಮಿಲಿಸೆಕೆಂಡ್. ಮಗಳು ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಾಳೆ, ಎರಡು ಗಂಟೆಯಿಂದ ಒಮ್ಮೆಯೂ 'ಹಲೋ, ಕೇಳಿಸುತ್ತಿದೆಯಾ' ಎಂದಿಲ್ಲ.

ಆದರೆ ಇನ್ನೊಂದು ತೊಂದರೆ ಉಳಿದಿದೆ. ಗೋಡೌನಿನಲ್ಲಿ ನಮ್ಮ ರೈಟರ್ ಬಳಸುವ ಐಪಿ ಫೋನ್ ಇದೆ. ಅಲ್ಲಿ ಇನ್ನೊಂದು ಸಣ್ಣ ಸ್ವಿಚ್ ಇಟ್ಟು, ಆರು ಕ್ಯಾಮೆರಾ ಮತ್ತು ಫೋನನ್ನು ಅದಕ್ಕೆ ಸೇರಿಸಿದ್ದೇವೆ. ಅಲ್ಲಿಂದ ಮನೆಗೆ 400 ಮೀಟರ್, ರೇಡಿಯೊ ಸಂಪರ್ಕ. ಮಳೆ ಹಿಡಿದರೆ ಮನೆಗೆ ಮಾಡುವ ಕರೆಯೂ ಒಡೆಯುತ್ತದೆ. ಇಲ್ಲಿ ಇಂಟರ್ನೆಟ್ಟಿನ ಮಾತೇ ಇಲ್ಲವಲ್ಲ?

ಕುಶಾಲನಗರ ಕೇಬಲ್ · ಬುಧವಾರ, ರಾತ್ರಿ 10:50

ಅಕ್ಕ, ಇದು ನನ್ನ ದಿನನಿತ್ಯದ ಕೆಲಸ, ನಾನು ಹೇಳುತ್ತೇನೆ. ಲ್ಯಾಬ್ ಸರ್ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿ: ಸಾಲು ಎಲ್ಲಿ ನಿಂತಿದೆ? ರೇಡಿಯೊ ಪೆಟ್ಟಿಗೆಯ ತಂತಿ ಗಿಗಾಬಿಟ್ಟಿನದು, ಅದರ ಗಾಳಿಯ ದಾರಿ ಅಷ್ಟಿಲ್ಲ. ಸ್ವಿಚ್‌ಗೆ ಆ ಸಂಗತಿ ಗೊತ್ತಿಲ್ಲ, ಬಂದದ್ದನ್ನೆಲ್ಲ ಅದು ರೇಡಿಯೊಗೆ ಸುರಿಯುತ್ತದೆ. ನಡುವೆ ಸಿಲ್ವರ್ ಓಕ್ ಸಾಲು ಇರಬೇಕಲ್ಲವೇ? ನೆನೆದ ಎಲೆಗಳು ಸಂಕೇತವನ್ನು ತುಂಬ ಕುಂದಿಸುತ್ತವೆ. ರೇಡಿಯೊದ ಪುಟದಲ್ಲಿ ಒಣಗಿದ ದಿನ ಎಷ್ಟು, ಮಳೆಯ ದಿನ ಎಷ್ಟು ವೇಗ ತೋರಿಸುತ್ತದೆ? ಕ್ಯಾಮೆರಾ ಒಂದಕ್ಕೆ ಎಷ್ಟು ಎಂಬಿಪಿಎಸ್ ಇಟ್ಟಿದ್ದೀರಿ? ಕ್ಯೂಒಎಸ್ ಯಾವ ಬಗೆಯಲ್ಲಿದೆ?

ಕಕ್ಕಬ್ಬೆಯ ತೋಟದವಳು · ಗುರುವಾರ, ಬೆಳಿಗ್ಗೆ 8:30

ಹೌದು, ಸಿಲ್ವರ್ ಓಕ್ ಸಾಲು ಅಡ್ಡ ಇದೆ, ಕಾಳುಮೆಣಸಿನ ಬಳ್ಳಿಗಳೂ ಹಬ್ಬಿವೆ. ಒಣಗಿದ ದಿನ 90 ಇತ್ತು, ಈಗ ಜೋರು ಮಳೆಯಲ್ಲಿ 22 ತೋರಿಸುತ್ತಿದೆ. ಕ್ಯಾಮೆರಾ ಒಂದಕ್ಕೆ 4. ಕ್ಯೂಒಎಸ್ 802.1ಪಿ ಎಂದಿದೆ.

ಕುಶಾಲನಗರ ಕೇಬಲ್ · ಗುರುವಾರ, ಬೆಳಿಗ್ಗೆ 9:05

ಆರು ನಾಲ್ಕಲಿ ಇಪ್ಪತ್ತನಾಲ್ಕು. ದಾರಿ ಇಪ್ಪತ್ತೆರಡು. ಇದನ್ನು ಯಾವ ಕ್ಯೂಒಎಸ್ ಕೂಡ ಸರಿಪಡಿಸುವುದಿಲ್ಲ. ಆದ್ಯತೆಯಿಂದ ದಾರಿಯ ಅಗಲ ಹೆಚ್ಚುವುದಿಲ್ಲ, ಯಾರನ್ನು ಬಿಡಬೇಕೆಂಬ ತೀರ್ಮಾನ ಮಾತ್ರ ನಮ್ಮದಾಗುತ್ತದೆ. ಮೊದಲು ಕ್ಯಾಮೆರಾಗಳನ್ನು 2ಕ್ಕೆ ಇಳಿಸಿ. ಆನೆ 2 ಎಂಬಿಪಿಎಸ್‌ನಲ್ಲೂ ಕಾಣುತ್ತದೆ.

ಎರಡನೆಯದಾಗಿ, ಗೋಡೌನಿನ ಸ್ವಿಚ್‌ನಲ್ಲಿ ರೇಡಿಯೊದ ಕಡೆಗಿನ ಪೋರ್ಟಿಗೆ ಹೊರಹರಿವಿನ ಮಿತಿ 18 ಎಂಬಿಪಿಎಸ್ ಹಾಕಿ. ರೂಟರಿನಲ್ಲಿ ಮಾಡಿದ್ದೇ ಇದು. ಈಗ ಸಾಲು ರೇಡಿಯೊ ಬಿಟ್ಟು ಸ್ವಿಚ್‌ಗೆ ಬರುತ್ತದೆ, ಅಲ್ಲಿ ಎಂಟು ಸಾಲುಗಳೂ ಶೆಡ್ಯೂಲರೂ ಇವೆ.

ಮೂರನೆಯದು ಹೆಚ್ಚಿನವರು ಎಡವುವ ಜಾಗ. 802.1ಪಿ ಗುರುತು ವಿಲ್ಯಾನ್ ಟ್ಯಾಗಿನೊಳಗೆ ಇರುತ್ತದೆ ಎಂದು ಲ್ಯಾಬ್ ಸರ್ ಹೇಳಿದರಲ್ಲ. ನಿಮ್ಮಲ್ಲಿ ವಿಲ್ಯಾನ್ ಮಾಡದೆ ಇದ್ದರೆ ಫೋನಿನ ಫ್ರೇಮಿನಲ್ಲಿ ಆ ಟ್ಯಾಗೇ ಇಲ್ಲ. ಟ್ಯಾಗ್ ಇಲ್ಲದಿದ್ದರೆ ಮೂರು ಬಿಟ್ಟೂ ಇಲ್ಲ, ಫೋನೂ ಕ್ಯಾಮೆರಾವೂ ಒಂದೇ ಸಾಲಿಗೆ ಬೀಳುತ್ತವೆ. ಬಗೆಯನ್ನು ಡಿಎಸ್‌ಸಿಪಿಗೆ ಬದಲಿಸಿ. ಐಪಿ ಫೋನುಗಳು ಸಾಮಾನ್ಯವಾಗಿ 46 ಗುರುತನ್ನು ತಾವೇ ಹಾಕಿ ಕಳುಹಿಸುತ್ತವೆ, ಫೋನಿನ ಸೆಟ್ಟಿಂಗಿನಲ್ಲಿ ಒಮ್ಮೆ ನೋಡಿಕೊಳ್ಳಿ. ಧ್ವನಿಯ ಸಾಲು ಕಟ್ಟುನಿಟ್ಟು, ಉಳಿದವಕ್ಕೆ ತೂಕದ ಸರದಿ.

ಕೊನೆಯದಾಗಿ ಆ ಪೋರ್ಟಿನಲ್ಲಿ ಫ್ಲೋ ಕಂಟ್ರೋಲ್ ಆಫ್ ಮಾಡಿಬಿಡಿ. 'ಸ್ವಲ್ಪ ತಡೆ' ಎನ್ನುವ 802.3ಎಕ್ಸ್ ಪಾಝ್ ಸಂದೇಶ ಬಂದರೆ ಆ ಪೋರ್ಟಿನ ಎಲ್ಲ ಸಾಲುಗಳೂ ಒಟ್ಟಿಗೆ ನಿಲ್ಲುತ್ತವೆ, ಧ್ವನಿಗೂ ವಿನಾಯಿತಿ ಇಲ್ಲ. ಒಂದು ಸಂದೇಶಕ್ಕೆ ಗಿಗಾಬಿಟ್ಟಿನಲ್ಲಿ 33 ಮಿಲಿಸೆಕೆಂಡಿನವರೆಗೆ ತಡೆಹಿಡಿಯುವ ಶಕ್ತಿಯಿದೆ.

ಮಂಜಿನ ಮಡಿಕೇರಿ · ಗುರುವಾರ, ಬೆಳಿಗ್ಗೆ 11:40

ವೈ-ಫೈಯಲ್ಲಿ ಮಾತಾಡುವವರಿಗೆ ಒಂದು ಮಾತು ಸೇರಿಸುತ್ತೇನೆ. ವೈ-ಫೈಯಲ್ಲಿ ಸಾಲು ನಾಲ್ಕೇ: ಧ್ವನಿ, ವಿಡಿಯೊ, ಸಾಮಾನ್ಯ, ಹಿನ್ನೆಲೆ. ಧ್ವನಿಯ ಸಾಲಿಗೆ ಸೇರಲು 6 ಅಥವಾ 7 ಬೇಕು. ಮೊದಲ ಮೂರು ಬಿಟ್ ಮಾತ್ರ ನೋಡುವ ಉಪಕರಣಗಳು 46ನ್ನು 5 ಎಂದು ಓದಿ ಧ್ವನಿಯನ್ನು ವಿಡಿಯೊ ಸಾಲಿಗೆ ತಳ್ಳುತ್ತವೆ. 2018ರ ಆರ್‌ಎಫ್‌ಸಿ 8325 ಇದನ್ನು ಸರಿಪಡಿಸುವ ಹೊಂದಾಣಿಕೆಯನ್ನು ಹೇಳಿದೆ. ಆದರೂ ದಿನವಿಡೀ ಮಾತಾಡುವ ಕೆಲಸವಾದರೆ ತಂತಿಯೇ ಮೇಲು. ಮೇಡಂ ಮಗಳಿಗೆ ತಂತಿಯ ಫೋನ್ ಕೊಟ್ಟದ್ದು ಒಳ್ಳೆಯದಾಯಿತು.

ಕಕ್ಕಬ್ಬೆಯ ತೋಟದವಳು · ಶುಕ್ರವಾರ, ಬೆಳಿಗ್ಗೆ 6:50

ನಿನ್ನೆ ಎಲ್ಲವನ್ನೂ ಮಾಡಿದೆವು, ಸಂಜೆ ಚೆನ್ನಾಗಿಯೇ ಇತ್ತು. ರಾತ್ರಿ ಮರ ಬಿದ್ದು ಕರೆಂಟು ಹೋಯಿತು. ಬೆಳಿಗ್ಗೆ ಬಂದಾಗ ನೋಡಿದರೆ ಗೋಡೌನಿನ ಸ್ವಿಚ್ ಮತ್ತೆ 802.1ಪಿಗೆ ಮರಳಿದೆ, ಮಿತಿಯೂ ಇಲ್ಲ!

ಕುಶಾಲನಗರ ಕೇಬಲ್ · ಶುಕ್ರವಾರ, ಬೆಳಿಗ್ಗೆ 7:15

ಅಕ್ಕ, 'ಅಪ್ಲೈ' ಒತ್ತಿದ್ದೀರಿ, 'ಸೇವ್' ಒತ್ತಿಲ್ಲ. ಈ ಬಗೆಯ ಎಷ್ಟೋ ಸ್ವಿಚ್‌ಗಳಲ್ಲಿ ಎರಡೂ ಬೇರೆ ಬೇರೆ. ಮೊದಲನೆಯದು ಓಡುತ್ತಿರುವ ಸೆಟ್ಟಿಂಗನ್ನು ಮಾತ್ರ ಬದಲಿಸುತ್ತದೆ, ಎರಡನೆಯದು ಕರೆಂಟು ಹೋದರೂ ಉಳಿಯುವ ಜಾಗಕ್ಕೆ ಬರೆಯುತ್ತದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಮತ್ತೆ ಹಾಕಿ, ಸೇವ್ ಮಾಡಿ, ಪ್ಲಗ್ ಕಿತ್ತು ಮತ್ತೆ ಚುಚ್ಚಿ ನೋಡಿ.

ಕಕ್ಕಬ್ಬೆಯ ತೋಟದವಳು · ಭಾನುವಾರ, ರಾತ್ರಿ 9:00

ಸೇವ್ ಮಾಡಿ, ಪ್ಲಗ್ ಕಿತ್ತು ನೋಡಿದೆ. ಎಲ್ಲವೂ ಉಳಿದಿದೆ.

ಇಂದು ಮಧ್ಯಾಹ್ನದಿಂದ ಬಿಡದೆ ಮಳೆ. ರೇಡಿಯೊ 19ಕ್ಕೆ ಇಳಿದಿತ್ತು. ಗೋಡೌನಿನ ಮಾಡಿನ ಒಂದು ಮೂಲೆಯಲ್ಲಿ ನೀರು ಇಳಿಯುತ್ತಿದೆ ಎಂದು ರೈಟರ್ ಆರು ಗಂಟೆಗೆ ಕರೆ ಮಾಡಿದರು. ಯಾವ ಮೂಲೆ, ಎಷ್ಟು ಚೀಲ ಸರಿಸಬೇಕು, ಟಾರ್ಪಾಲು ಎಲ್ಲಿದೆ, ಎಲ್ಲವನ್ನೂ ಒಂದೇ ಕರೆಯಲ್ಲಿ ಮಾತಾಡಿದೆವು. ತಗಡಿನ ಮೇಲೆ ಬೀಳುವ ಮಳೆಯ ಸದ್ದೂ ನನಗೆ ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಸ್ವಿಚ್‌ನ ಪುಟ ತೆರೆದೆ. ಧ್ವನಿಯ ಸಾಲಿನಲ್ಲಿ ಬಿದ್ದುಹೋದದ್ದು ಸೊನ್ನೆ, ಕ್ಯಾಮೆರಾ ಸಾಲಿನಲ್ಲಿ 312.

ಸಿಲ್ವರ್ ಓಕ್ ಕೊಂಬೆಗಳನ್ನು ಮಳೆ ನಿಂತ ಮೇಲೆ ಕಡಿಸುತ್ತೇವೆ. ಈಗ ಆ ಮರ ಹತ್ತಲು ಯಾರನ್ನೂ ಕಳುಹಿಸುವುದಿಲ್ಲ.